ಬಾಯಿಗಿಂತ ಮೊದಲು ಕೈ

ನಮ್ಮ ಮಗಳು 'ಬಿಸಿ' ಅನ್ನುವುದನ್ನು ಊದಿ ಹೇಳುತ್ತಿದ್ದಳು. ಇನ್ನೂ ವರ್ಷ ತುಂಬಿರಲಿಲ್ಲ. ರಾಗಿ ಸರಿ ಆರಲಿ ಅಂತ ನಾವು ಚಮಚಕ್ಕೆ ಉಫ್ ಉಫ್ ಅನ್ನುವುದನ್ನು ದಿನಾ ನೋಡುತ್ತಿದ್ದಳಲ್ಲ, ಅದನ್ನೇ ಹಿಡಿದುಕೊಂಡಳು. ಮೊದಲು ತನ್ನ ಬಟ್ಟಲಿಗೆ ಊದಿದಳು. ಆಮೇಲೆ ಅಪ್ಪನ ಕಾಫಿ ಲೋಟಕ್ಕೆ. ಅಲ್ಲಿಗೆ ನಿಂತಿದ್ದರೆ ಸುಮ್ನೆ ನಮ್ಮನ್ನು ನೋಡಿ ಮಾಡುತ್ತಿದ್ದಾಳೆ ಅನ್ನಬಹುದಿತ್ತು. ಒಂದು ದಿನ ನಾನು ಸೀರೆ ಇಸ್ತ್ರಿ ಮಾಡುತ್ತಿದ್ದಾಗ ಬಾಗಿಲ ಹತ್ತಿರ ಕೂತು ಇಸ್ತ್ರಿ ಪೆಟ್ಟಿಗೆಯ ಕಡೆ ಊದಿದಳು. ಊದಿ ನನ್ನ ಮುಖ ನೋಡಿದಳು. ಇಸ್ತ್ರಿ ಪೆಟ್ಟಿಗೆಗೆ ನಮ್ಮನೆಯಲ್ಲಿ ಯಾರೂ ಯಾವತ್ತೂ ಊದಿಲ್ಲ. ಅದು ಅವಳದೇ ಮಾತು.

ಇದೇನೂ ನಮ್ಮನೆಯ ವಿಶೇಷ ಅಲ್ಲ. 1980ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಲಿಂಡಾ ಅಕ್ರೆಡೊಲೊ ಅವರ ಮಗಳೂ ಊದುತ್ತಿದ್ದಳು. ಅವಳ ಊದುವಿಕೆಯ ಅರ್ಥ ಮಾತ್ರ ಬೇರೆ: ಮೀನು. ಮಗುವಿನ ತೊಟ್ಟಿಲ ಮೇಲೆ ಮೀನಿನ ಗೊಂಚಲು ನೇತುಹಾಕಿದ್ದರು. ಮಲಗಿಸುವಾಗ ತಾಯಿ ಅದಕ್ಕೆ ಊದಿ ಅಲ್ಲಾಡಿಸುತ್ತಿದ್ದರು. ಆ ಮಗುವಿಗೆ ಊದಿದರೆ ಮೀನು. ಹೂವು ಕಂಡರೆ ಮೂಗು ಸುಕ್ಕು ಮಾಡಿ ಮೂಸುತ್ತಿತ್ತಂತೆ. ಜೇಡಕ್ಕೆ ಎರಡು ತೋರುಬೆರಳು ಉಜ್ಜುತ್ತಿತ್ತು, ಶಿಶುಗೀತೆಯ ಅಭಿನಯದಿಂದ ಬಂದದ್ದು. ಬೇರೆಯವರಾಗಿದ್ದರೆ ಮುದ್ದು ಮಾಡಿ ಸುಮ್ಮನಾಗುತ್ತಿದ್ದರು. ಇವರು ಜೊತೆಗಾರ್ತಿ ಸೂಸನ್ ಗುಡ್ವಿನ್ ಅವರನ್ನು ಸೇರಿಸಿಕೊಂಡು ಬೇರೆ ಮಕ್ಕಳೂ ಹೀಗೆ ಮಾಡುತ್ತವಾ ಅಂತ ನೋಡಲು ಹೊರಟರು. ಮಾಡುತ್ತಿದ್ದವು. ಹಾಗಾದರೆ ಬೇಕಂತಲೇ ಕಲಿಸಿದರೆ ಏನಾಗುತ್ತದೆ ಅನ್ನುವುದು ಅವರ ಮುಂದಿನ ಪ್ರಶ್ನೆ.

ಹೆಚ್ಚೂಕಮ್ಮಿ ಅದೇ ಕಾಲದಲ್ಲಿ ಜೋಸೆಫ್ ಗಾರ್ಸಿಯಾ ಅನ್ನುವ ಸನ್ನೆ ಭಾಷೆಯ ದುಭಾಷಿ ಇನ್ನೊಂದು ಕಡೆಯಿಂದ ಇಲ್ಲಿಗೇ ಬಂದರು. ಅವರ ಕಿವುಡ ಸ್ನೇಹಿತರ ಮನೆಗಳಲ್ಲಿ ಕಿವಿ ಚೆನ್ನಾಗಿ ಕೇಳುವ ಕೂಸುಗಳು ಅಪ್ಪ ಅಮ್ಮನ ಜೊತೆ ಕೈಯಲ್ಲೇ ಮಾತಾಡುತ್ತಿದ್ದವು. ಅದೇ ವಯಸ್ಸಿನ ಬೇರೆ ಮನೆಯ ಮಕ್ಕಳು ಬೇಕಾದ್ದಕ್ಕೆಲ್ಲ ಅಳುತ್ತಿದ್ದವು. ಅಕ್ರೆಡೊಲೊ ಮತ್ತು ಗುಡ್ವಿನ್ ಮನೆಮನೆಯ ಸನ್ನೆಗಳಾದರೂ ಸಾಕು ಅಂದರು. ಗಾರ್ಸಿಯಾ ಅಮೆರಿಕನ್ ಸನ್ನೆ ಭಾಷೆಯ ನಿಜವಾದ ಸನ್ನೆಗಳನ್ನೇ ಕಲಿಸೋಣ ಅಂದರು. 1990ರ ದಶಕದಲ್ಲಿ ಪುಸ್ತಕಗಳು ಬಂದವು, ಹಿಂದೆಯೇ ಕ್ಲಾಸು, ಕಾರ್ಡು, ಡಿವಿಡಿ.

ನಾನು ಇದನ್ನು ಮೊದಲು ನೋಡಿದ್ದು ಅಕ್ಕನ ಮನೆಯಲ್ಲಿ. ಅವಳಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಬಾಣಂತನಕ್ಕೆ ಹೋದ ಅಮ್ಮಂದಿರು ಸಂಜೆ ಹೊತ್ತು ಪಾರ್ಕಿನಲ್ಲಿ ಸ್ವೆಟರ್ ಹಾಕಿಕೊಂಡು ಸಿಗುತ್ತಾರೆ. ನಮ್ಮಮ್ಮ ಎರಡನೇ ಸಲ ಹೋದಾಗ ನಾನೂ ಜೊತೆಗಿದ್ದೆ. ಅಕ್ಕ ಕೆಲಸಕ್ಕೆ ವಾಪಸ್ ಹೋಗಿದ್ದಳು, ಮಗ ಡೇಕೇರಿಗೆ ಹೋಗುತ್ತಿದ್ದ.

ಅಮ್ಮ ಅವನಿಗೆ ತುಪ್ಪ ಹಾಕಿ ಅನ್ನ ತಿಳಿಸಾರು ಕಲಸಿ ತಿನ್ನಿಸುತ್ತಿದ್ದಳು. ನಾಲ್ಕು ತುತ್ತು ಆದಮೇಲೆ ಅಡುಗೆಮನೆಯಿಂದ ಅಕ್ಕ ಏನೋ ಕೇಳಿದಳು ಅಂತ ಕೈ ನಿಲ್ಲಿಸಿದಳು. ಅವನು ಎರಡೂ ಕೈ ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ತುದಿಗೆ ತುದಿ ತಾಗಿಸತೊಡಗಿದ. ಟಕ್ ಟಕ್ ಟಕ್. "ಅಯ್ಯೋ ನನ್ನ ಕಂದ, ಚಾಮಿ ಮಾಡ್ತಿದೀಯಾ?" ಅಂತ ಅಮ್ಮ ತಾನೂ ಕೈ ಮುಗಿದಳು. ಅವನು ಇನ್ನೂ ಜೋರಾಗಿ ತಾಗಿಸಿದ. ಅಮ್ಮ ಚಪ್ಪಾಳೆ ತಟ್ಟಿದಳು. ಅವನ ಕೆಳತುಟಿ ಮುಂದೆ ಬಂತು. ಅಕ್ಕ ಓಡಿಬಂದು, "ಅಮ್ಮಾ, ಇನ್ನೂ ಬೇಕಂತೆ ಕಣೇ" ಅಂದಳು. ಡೇಕೇರಿನಲ್ಲಿ ಕಲಿಸುತ್ತಾರೆ. ಇನ್ನೂ ಬೇಕು, ಸಾಕು, ಹಾಲು, ತಿನ್ನುವುದು, ಇಷ್ಟು. ಅಲ್ಲಿನ ಎಷ್ಟೋ ಡೇಕೇರುಗಳಲ್ಲಿ ಇದು ಮಾಮೂಲಿ.

"ಕೊಡು ಅಂತ ಕೈ ಚಾಚಿದ್ರೆ ಆಗಲ್ವಾ? ಇದಕ್ಕೆ ದುಡ್ಡು ಬೇರೆ ತಗೋತಾರಾ?" ಅಂತ ಅಮ್ಮ ಕೇಳಿದಳು.

ಆದರೆ ಹಾಲಿನ ಸನ್ನೆಗೆ ಅಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಒಂದು ಕೈ ಮುಷ್ಟಿಯನ್ನು ಹಿಂಡುವುದು, ಬಿಡುವುದು, ಹಿಂಡುವುದು, ಬಿಡುವುದು. ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು ಅವಳು. ನೋಡಿದ ತಕ್ಷಣ, "ಹಾಲು ಕರೆಯೋದು!" ಅಂದಳು. ಹಸು ಕೆಚ್ಚಲು ಕಂಡೇ ಇಲ್ಲದ ಮೊಮ್ಮಗ, ಹಾಲೆಂದರೆ ಫ್ರಿಜ್ಜಿನ ಪ್ಲಾಸ್ಟಿಕ್ ಕ್ಯಾನು ಅಂದುಕೊಂಡಿರುವವನು, ಹಾಲು ಕರೆದು ತೋರಿಸುತ್ತಿದ್ದಾನೆ. ಅಮ್ಮ ಅವತ್ತಿಂದ ಆ ಒಂದು ಸನ್ನೆಯನ್ನು ಒಪ್ಪಿಕೊಂಡಳು.

ಕೈ ಯಾಕೆ ಮುಂದೆ ಓಡುತ್ತದೆ? ಮಾತು ಅಂದರೆ ನಾಲಿಗೆ, ತುಟಿ, ಗಂಟಲು, ಉಸಿರು ಎಲ್ಲ ಒಂದೇ ಹೊತ್ತಿಗೆ ತಾಳ ಹಿಡಿಯಬೇಕು. ಎಳೆಗೂಸಿನ ಧ್ವನಿಪೆಟ್ಟಿಗೆ ಮೇಲೇ ಕೂತಿರುತ್ತದೆ, ಬಾಯಲ್ಲಿ ನಾಲಿಗೆಗೆ ತಿರುಗಲು ಜಾಗವೂ ಕಡಿಮೆ. ಕೈಗಳಿಗೆ ಅಷ್ಟು ಕಷ್ಟ ಇಲ್ಲ. ನನಗೆ ಇದಕ್ಕಿಂತ ಹಿಡಿಸಿದ ವಿಷಯ ಇನ್ನೊಂದಿದೆ. ಮಗುವಿಗೆ ತನ್ನ ಕೈ ಕಾಣುತ್ತದೆ. ನಾಲಿಗೆ ಕಾಣುವುದಿಲ್ಲ. 'ಳ' ಹೇಳುವಾಗ ನಾಲಿಗೆ ಎಲ್ಲಿಗೆ ಹೋಗುತ್ತದೆ ಅಂತ ನಾವು ಬೆರಳು ಹಾಕಿ ತೋರಿಸಲಾರೆವು. ಕೈಯಾದರೆ ಹಿಡಿದು ಹೀಗೆ ಅಂತ ಮಡಚಿ ತೋರಿಸಬಹುದು.

ಕಿವುಡ ತಂದೆ ತಾಯಿಯ ಮಕ್ಕಳನ್ನು ಗಮನಿಸಿ 1983ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ, ಮೊದಲ ಸನ್ನೆ ಸರಾಸರಿ ಎಂಟೂವರೆ ತಿಂಗಳಿಗೆ ಕಾಣಿಸಿಕೊಂಡಿತು ಅನ್ನುತ್ತದೆ. ಬಾಯಿಮಾತು ಸಾಮಾನ್ಯವಾಗಿ ವರ್ಷದ ಆಸುಪಾಸಿಗೆ. ಹಾಗಂತ ಎಲ್ಲರೂ ಒಪ್ಪುವುದಿಲ್ಲ. ಎಂಟು ತಿಂಗಳ ಕೂಸು ಮುಷ್ಟಿ ಹಿಂಡಿದ್ದನ್ನು ಪದ ಅನ್ನಬೇಕಾ, ಬರೀ ಚೇಷ್ಟೆ ಅನ್ನಬೇಕಾ ಅನ್ನುವ ಜಗಳ ಇದೆ. ಲಾರಾ ಆನ್ ಪೆಟಿಟೊ ಅನ್ನುವ ಸಂಶೋಧಕಿ ನಿಜವಾದ ಪದಗಳು ಕೈಗೂ ಬಾಯಿಗೂ ಸರಿಸುಮಾರು ಒಂದೇ ಕಾಲಕ್ಕೆ ಬರುತ್ತವೆ ಅನ್ನುವ ಪಕ್ಷ. ನಮ್ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ನೆನೆದರೆ ಈ ಜಗಳದಲ್ಲಿ ನಾನು ಯಾವ ಕಡೆ ಅಂತ ಹೇಳಬೇಕಾಗಿಲ್ಲ.

ಈಗ ಎಲ್ಲ ಅಪ್ಪ ಅಮ್ಮಂದಿರೂ ಕೇಳುವ ಪ್ರಶ್ನೆ. ಇದರಿಂದ ಮಗು ಚುರುಕಾಗುತ್ತದಾ? ಬೇಗ ಮಾತಾಡುತ್ತದಾ?

ಗುಡ್ವಿನ್ ಮತ್ತು ಅಕ್ರೆಡೊಲೊ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 103 ಮಕ್ಕಳಿದ್ದರು. ಹನ್ನೊಂದು ತಿಂಗಳಲ್ಲಿ ಶುರು ಮಾಡಿ ಮೂರು ವರ್ಷದವರೆಗೆ ಹಿಂಬಾಲಿಸಿದರು. ಸನ್ನೆ ಕಲಿತ ಮಕ್ಕಳು ಎರಡು ವರ್ಷದ ಆಸುಪಾಸಿನಲ್ಲಿ ಮಾತಿನಲ್ಲಿ ಸ್ವಲ್ಪ ಮುಂದಿದ್ದರು. ಮೂರಕ್ಕೆ ಬರುವ ಹೊತ್ತಿಗೆ ಉಳಿದವರು ಸರಿಸಮ ಬಂದುಬಿಟ್ಟಿದ್ದರು. ಇದರಲ್ಲಿ ಒಂದು ನೆಮ್ಮದಿ ಇದೆ: ಸನ್ನೆ ಕಲಿಸಿದರೆ ಮಾತು ತಡವಾಗುತ್ತದೆ ಅನ್ನುವ ಹೆದರಿಕೆಗೆ ಆಧಾರ ಸಿಗಲಿಲ್ಲ. ಆದರೆ ಮಾರುಕಟ್ಟೆಗೆ ನೆಮ್ಮದಿ ಸಾಲದು. ಅದೇ ಮಕ್ಕಳಲ್ಲಿ ಕೆಲವರನ್ನು ಎಂಟು ವರ್ಷಕ್ಕೆ ಮತ್ತೆ ಪರೀಕ್ಷಿಸಿದಾಗ ಸನ್ನೆ ಕಲಿತವರ ಐಕ್ಯೂ 12 ಅಂಕ ಜಾಸ್ತಿ ಬಂತು ಅಂತ ಒಂದು ಸಮ್ಮೇಳನದಲ್ಲಿ ಹೇಳಿದ್ದರು. ಆ 12 ಅಂಕ ಸನ್ನೆ ಕಾರ್ಡು, ಡಿವಿಡಿಗಳ ಡಬ್ಬಿಗಳ ಮೇಲೆಲ್ಲ ಹತ್ತಿ ಕೂತಿತು. ಸಮ್ಮೇಳನದಲ್ಲಿ ಹೇಳುವುದು ಬೇರೆ, ಬೇರೆ ವಿಜ್ಞಾನಿಗಳು ತಿದ್ದಿ ತೀಡಿದ ಮೇಲೆ ಪತ್ರಿಕೆಯಲ್ಲಿ ಅಚ್ಚಾಗುವುದು ಬೇರೆ.

2005ರಲ್ಲಿ ಕೆನಡಾದ ಸಂಶೋಧಕರು ಅಲ್ಲಿಯವರೆಗಿನ 17 ಅಧ್ಯಯನಗಳನ್ನು ಮುಂದಿಟ್ಟುಕೊಂಡು ನೋಡಿ, ಮಾರಾಟಗಾರರ ಘೋಷಣೆಗಳಿಗೆ ಸಾಕಾಗುವಷ್ಟು ಗಟ್ಟಿ ಪುರಾವೆ ಇಲ್ಲ ಅಂದರು. 2013ರಲ್ಲಿ ಬ್ರಿಟನ್ನಿನ ಎಲಿಜಬೆತ್ ಕರ್ಕ್ ತಂಡದ ಅಧ್ಯಯನ ಬಂತು. ನಲವತ್ತು ಕೂಸುಗಳು, ಎಂಟು ತಿಂಗಳಿಂದ ಇಪ್ಪತ್ತು ತಿಂಗಳವರೆಗೆ. ಕೆಲವರಿಗೆ ಬ್ರಿಟಿಷ್ ಸನ್ನೆ ಭಾಷೆಯ ಸನ್ನೆ, ಕೆಲವರಿಗೆ ಮನೆಸನ್ನೆ, ಕೆಲವರಿಗೆ ಬರೀ ಮಾತು, ಕೆಲವರಿಗೆ ಏನೂ ಇಲ್ಲ. ಮಾತಿನ ಬೆಳವಣಿಗೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಅಮ್ಮಂದಿರಲ್ಲಿ. ಸನ್ನೆ ಕಲಿಸಿದ ಅಮ್ಮಂದಿರು ಮಗುವಿನ ಮಾತಿಲ್ಲದ ಸೂಚನೆಗಳಿಗೆ ಜಾಸ್ತಿ ಓಗೊಡುತ್ತಿದ್ದರು, ಮಗುವಿಗೂ ಒಂದು ಮನಸ್ಸಿದೆ ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದರು.

ನನಗೆ ಇದು ಸಾಕು ಅನ್ನಿಸುತ್ತದೆ. ಐಕ್ಯೂ ಹಿಂದೆ ಬಿದ್ದವರಿಗೆ ಸಾಲದು. ಬೆಂಗಳೂರಲ್ಲೂ ಈಗ 'ಮಗುವಿನ ಮೆದುಳು ಬೆಳೆಸಿ' ಅಂತ ಸನ್ನೆ ಕಾರ್ಡು ಮಾರುತ್ತಾರೆ. ಅದರಲ್ಲಿರುವುದೂ ಅಮೆರಿಕದ ಸನ್ನೆಗಳೇ.

ನಾವು ಮಗಳಿಗೆ ಕಾರ್ಡು ತರಲಿಲ್ಲ. ಅಕ್ಕನ ಮನೆಯಲ್ಲಿ ನೋಡಿದ್ದರಲ್ಲಿ ಮೂರ್ನಾಲ್ಕು ಎತ್ತಿಕೊಂಡೆವು, ಉಳಿದದ್ದು ಮನೆಯಲ್ಲೇ ಇತ್ತು. ಕನ್ನಡದ ಅಜ್ಜಿಯರ ಕೈಯಲ್ಲಿ ಬೆಳೆದ ಕೂಸಿಗೆ ಟಾಟಾ ಗೊತ್ತು, ಚಪ್ಪಾಳೆ ಗೊತ್ತು. ಮುಂಗೈ ತಿರುಗಿಸುತ್ತಾ ತಾರಮ್ಮಯ್ಯ ಆಡಲು ಗೊತ್ತು. ಚಂದಮಾಮನನ್ನು ಕೈಬೀಸಿ ಕರೆಯುವುದು ಗೊತ್ತು. ದೇವರ ಮನೆ ಮುಂದೆ ಎತ್ತಿಕೊಂಡು ನಿಂತರೆ ಚಾಮಿ ಮಾಡುವುದು ಗೊತ್ತು. ಅಮ್ಮ ಅಮೆರಿಕದಲ್ಲಿ ಗೊಣಗಿದ್ದರಲ್ಲಿ ಅರ್ಥವಿತ್ತು. ಆದರೆ ಒಂದು ಸಣ್ಣ ಫರಕು ಇದೆ. ತಾರಮ್ಮಯ್ಯ ಆಡು ಅಂದರೆ ನೆಂಟರ ಮುಂದೆ ಆಡಿ ತೋರಿಸುವುದು. ನಾವು ಹೇಳಿದಾಗ ಅದು ಮಾಡಬೇಕು. 'ಇನ್ನೂ ಬೇಕು', 'ಸಾಕು' ಹಾಗಲ್ಲ. ಅದನ್ನು ಮಗು ಹೇಳಬೇಕು, ನಾವು ಕೇಳಬೇಕು. 'ಸಾಕು' ಕಲಿಸಿದ ಮೇಲೆ ಇನ್ನೊಂದೇ ತುತ್ತು ಅಂತ ತುರುಕುವ ಹಾಗಿಲ್ಲ. ಅಜ್ಜಿಯರಿಗೆ ಇದು ಕಷ್ಟ.

ಕಲಿಸುವುದರಲ್ಲಿ ದೊಡ್ಡ ವಿದ್ಯೆ ಇಲ್ಲ. ಆರೇಳು ತಿಂಗಳಾದ ಮೇಲೆ, ಹಾಲು ಕೊಡುವ ಹೊತ್ತಿಗೇ, 'ಹಾಲು' ಅಂತ ಬಾಯಲ್ಲಿ ಹೇಳುತ್ತಾ ಕೈಯಲ್ಲೂ ತೋರಿಸುವುದು. ಬಾಯಿ ಮುಚ್ಚಿಕೊಂಡು ಸನ್ನೆ ಮಾಡುವುದಲ್ಲ. ವಾರಗಟ್ಟಲೆ ಮಗು ನಿಮ್ಮನ್ನು ಪೆದ್ದರ ಹಾಗೆ ನೋಡುತ್ತದೆ. ಆಮೇಲೆ ಒಂದು ದಿನ ಮಾಡುತ್ತದೆ, ಆದರೆ ಪುಸ್ತಕದಲ್ಲಿರುವ ಹಾಗೆ ಅಲ್ಲ. ನಮ್ಮವಳ 'ಇನ್ನೂ ಬೇಕು' ಅಂದರೆ ಒಂದು ತೋರುಬೆರಳಿಂದ ಇನ್ನೊಂದು ಅಂಗೈ ಚುಚ್ಚುವುದು. ಅಕ್ಕಿ ಅನ್ನಲು ಬಾರದೆ ಅತ್ತಿ ಅನ್ನುವುದಿಲ್ಲವೇ, ಕೈಗೂ ತೊದಲಿದೆ. ಬೆರಳು ಬಳಸುವ ಕಡೆ ಇಡೀ ತೋಳು ಆಡಿಸುತ್ತಾರೆ. ಮುಷ್ಟಿ, ಅಂಗೈ, ತೋರುಬೆರಳು ಮೊದಲು ಬರುತ್ತವೆ, ಕಷ್ಟದ ಆಕಾರಗಳು ಆಮೇಲೆ.

ಮಾತು ಬಂದಮೇಲೆ ಇವೆಲ್ಲ ಉದುರಿ ಹೋದವು. 'ಬಿಚಿ' ಅನ್ನಲು ಬಂದ ಮೇಲೂ ಸ್ವಲ್ಪ ದಿನ ಊದಿ ಹೇಳಿದಳು, ಆಮೇಲೆ ನಿಂತುಹೋಯಿತು.

ಇಲ್ಲಿಗೆ ಮುಗಿಸಿದರೆ ಇದೊಂದು ಮುದ್ದು ಕಥೆ. ಆದರೆ ಕಿವಿ ಕೇಳುವ ಮಗುವಿಗೆ ನಾವು ಕಲಿಸುವ ನಾಲ್ಕು ಸನ್ನೆ ಭಾಷೆ ಅಲ್ಲ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಜೋಕು ಇದೆ, ಬೈಗುಳ ಇದೆ. ಅದನ್ನು ಮನೆಮಾತಾಗಿ ಪಡೆದ ಮಕ್ಕಳು ಕೈಯಲ್ಲೇ 'ಬಬಬ' ಅನ್ನುತ್ತಾರೆ ಅಂತ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲೇ ತೋರಿಸಿದರು. ಅರ್ಥವಿಲ್ಲದ ಕೈ ಆಕಾರಗಳನ್ನು ಒಂದು ಲಯದಲ್ಲಿ ಮತ್ತೆ ಮತ್ತೆ ಮಾಡುವುದು. ಜಪಾನಿನಲ್ಲಿ ನೊಬುವೊ ಮಸಟಾಕಾ ಕಿವುಡ ತಾಯಂದಿರನ್ನು ಗಮನಿಸಿದರು. ಮಗುವಿನ ಜೊತೆ ಅವರು ಸನ್ನೆಯನ್ನು ದೊಡ್ಡದಾಗಿ, ನಿಧಾನವಾಗಿ, ಮತ್ತೆ ಮತ್ತೆ ಮಾಡುತ್ತಾರೆ. ನಾವು ಧ್ವನಿ ಎಳೆದು 'ಏನ್ ಚಿನ್ನೂಊಊ' ಅನ್ನುತ್ತೇವಲ್ಲ, ಅದೇ.

ಹಾಗಾದರೆ ಕಿವಿ ಕೇಳದೆ ಹುಟ್ಟಿದ ಕೂಸಿಗೆ ಮೊದಲ ದಿನದಿಂದ ಇದೇ ಸಿಗಬೇಕು ಅಲ್ವಾ?

ಸಿಗುವುದಿಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆ ತಾಯಿಗೆ ಹುಟ್ಟುತ್ತಾರೆ ಅಂತ ಅಮೆರಿಕದ ಲೆಕ್ಕ. ಆ ಮನೆಗಳಲ್ಲಿ ಸನ್ನೆ ಭಾಷೆ ಗೊತ್ತಿರುವವರು ಇರುವುದಿಲ್ಲ. ಗೊತ್ತಿಲ್ಲದ್ದಕ್ಕಿಂತ ದೊಡ್ಡ ತೊಡಕು ಅಂದರೆ, ಸನ್ನೆಯೇ ಬೇಡ ಅನ್ನುವುದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಸಮ್ಮೇಳನ ನಡೆದು, ಶಾಲೆಗಳಲ್ಲಿ ಬಾಯಿಮಾತೇ ಮೇಲು, ಸನ್ನೆ ಬೇಡ ಅಂತ ನಿರ್ಣಯವಾಯಿತು. ಮತ ಹಾಕಿದವರಲ್ಲಿ ಬಹುಪಾಲು ಕಿವಿ ಕೇಳುವವರೇ. ಆ ನಿರ್ಣಯಕ್ಕೆ ಅದೇ ಸಮ್ಮೇಳನ ಸರಣಿ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದ ಡೇಕೇರಿನಲ್ಲಿ ಕಿವಿ ಕೇಳುವ ಮಕ್ಕಳು ಹಾಲು ಕರೆಯುತ್ತಾ ವರ್ಷಗಳೇ ಆಗಿದ್ದವು.

ನಮ್ಮ ಚಿಕ್ಕಮ್ಮನ ಮಗಳ ಹುಡುಗನಿಗೆ ಹುಟ್ಟಿದಾಗಲೇ ಕಿವಿ ಪರೀಕ್ಷೆ ಮಾಡಿ, ಮತ್ತೆ ತೋರಿಸಿ ಅಂದಿದ್ದರು. ಮನೆಯ ಹಿರಿಯರು ಗಂಡುಮಕ್ಕಳಿಗೆ ಮಾತು ತಡ ಅಂತ ಎಳೆದರು. ಇವಳು ಹಟ ಹಿಡಿದು ಮತ್ತೆ ಪರೀಕ್ಷೆ ಮಾಡಿಸಿದಳು. ಎರಡೂ ಕಿವಿಗೆ ಕೇಳುವುದು ತೀರಾ ಕಡಿಮೆ. ಕಿವಿ ಮಿಷನ್ ಹಾಕಿಸಿದರು. ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಇಂಪ್ಲಾಂಟಿನ ಮಾತುಕತೆಯೂ ಶುರುವಾಯಿತು. ಅವಳೂರಿನ ಒಂದು ಕ್ಲಿನಿಕ್ಕಿನಲ್ಲಿ ಮಾತ್ರ ಖಡಾಖಂಡಿತ ಹೇಳಿದರಂತೆ: "ಮನೇಲಿ ಕೈಸನ್ನೆ ಮಾಡಬೇಡಿ. ಮಾತಾಡೋಕೆ ಸೋಮಾರಿ ಆಗ್ತಾನೆ." ಅವಳು ನನಗೆ ಫೋನ್ ಮಾಡಿ, "ಅಕ್ಕಾ, ನಿನ್ನ ಮಗಳು ಸೋಮಾರಿ ಆದ್ಲಾ?" ಅಂತ ಕೇಳಿದಳು.

ಮಗಳ 'ಇನ್ನೂ ಬೇಕು' ವಿಡಿಯೊಗೆ ನೆಂಟರ ಗುಂಪಿನಲ್ಲಿ ಬಂದ ಹೃದಯದ ಚಿತ್ರಗಳು ನನಗೆ ನೆನಪಿದ್ದವು. ಅದೇ ನೆಂಟರು ಆ ಹುಡುಗ ಕೈ ಆಡಿಸಿದರೆ "ಹಾಗೆ ಮಾಡಬಾರದು ಪುಟ್ಟಾ" ಅಂತ ಕೈ ಹಿಡಿದು ಕೆಳಗಿಡುತ್ತಿದ್ದರು.

ಇಂಪ್ಲಾಂಟ್ ಆದ ಮಕ್ಕಳಿಗೆ ಸನ್ನೆ ಬೇಕಾ ಅನ್ನುವುದರಲ್ಲಿ ಪರಿಣತರಿಗೇ ಒಮ್ಮತವಿಲ್ಲ. 2017ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ ಸನ್ನೆ ಇಲ್ಲದೆ ಬೆಳೆದ ಮಕ್ಕಳು ಬಾಯಿಮಾತಿನಲ್ಲಿ ಮುಂದೆ ಅಂದಿತು. ಅದರಲ್ಲಿ ಚೂರುಪಾರು ಸನ್ನೆಯನ್ನೂ ಪೂರ್ತಿ ಭಾಷೆಯನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ ಅಂತ ಬೇರೆಯವರು ತಕರಾರು ಎತ್ತಿದರು. ಕಿವುಡ ತಂದೆ ತಾಯಿಯ ಮನೆಯಲ್ಲಿ ಸನ್ನೆ ಭಾಷೆ ಕಲಿತೇ ಇಂಪ್ಲಾಂಟ್ ಪಡೆದ ಮಕ್ಕಳ ಇಂಗ್ಲಿಷ್ ಚೆನ್ನಾಗಿಯೇ ಇತ್ತು ಅಂತ 2014ರ ಒಂದು ಚಿಕ್ಕ ಅಧ್ಯಯನ ಹೇಳಿತ್ತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು 2021ರಲ್ಲಿ ಬಾಸ್ಟನ್ನಿನ ನವೋಮಿ ಕಸೆಲ್ಲಿ ತಂಡ ಪ್ರಕಟಿಸಿದ್ದು. ಕೇಳುವ ತಂದೆ ತಾಯಿಗೆ ಹುಟ್ಟಿದ ಕಿವುಡ ಮಕ್ಕಳು ಆರು ತಿಂಗಳೊಳಗೆ ಸನ್ನೆ ಭಾಷೆ ನೋಡಲು ಶುರು ಮಾಡಿದರೆ ವಯಸ್ಸಿಗೆ ತಕ್ಕಷ್ಟು ಪದ ಕಲಿಯುತ್ತಾರೆ. ಅಪ್ಪ ಅಮ್ಮ ಹುಟ್ಟಾ ಸನ್ನೆಗಾರರೇ ಆಗಿರಬೇಕಿಲ್ಲ. ಇಂಪ್ಲಾಂಟ್ ಯಾರಿಗೆ ಎಷ್ಟು ಫಲ ಕೊಡುತ್ತದೆ ಅಂತ ಮುಂಚೆಯೇ ಹೇಳಲಾಗುವುದಿಲ್ಲ. ಅದು ಗೊತ್ತಾಗುವವರೆಗೆ ಮಗು ಭಾಷೆಯೇ ಇಲ್ಲದೆ ಕೂರಬೇಕು ಅನ್ನುವುದು ನನಗೆ ಒಪ್ಪಲಾಗದ ಮಾತು.

ಕಲಿಯುವುದು ಎಲ್ಲಿ? ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಪರೀಕ್ಷೆಗೂ ಥೆರಪಿಗೂ ದೂರದ ಜಿಲ್ಲೆಗಳಿಂದ ಮಕ್ಕಳನ್ನು ಕರೆತರುತ್ತಾರೆ. ಸನ್ನೆ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ವಿಡಿಯೊ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ಮುಟ್ಟಿತು. ಫೋನಿನಲ್ಲೇ ನೋಡಬಹುದು. ತಂಗಿ ರಾತ್ರಿ ಹುಡುಗ ಮಲಗಿದ ಮೇಲೆ ಅದನ್ನು ನೋಡಿ ಕಲಿಯತೊಡಗಿದಳು. ಅಮೆರಿಕದ ಸನ್ನೆ ಬೇಡ ಅಂತ ನಾನೇ ಹೇಳಿದ್ದೆ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಕಿವಿಯ ತೊಂದರೆ ಇರುವವರು 50 ಲಕ್ಷ. ನಾಳೆ ಅವನು ಅವರ ನಡುವೆ ಓಡಾಡಬೇಕಲ್ಲ.

ಆದರೆ ನಿಘಂಟು ನೋಡಿ ಯಾರಾದರೂ ಮಾತು ಕಲಿತಾರಾ? ಅವರೂರಿನಲ್ಲೇ ಟೈಲರಿಂಗ್ ಅಂಗಡಿ ಇಟ್ಟಿರುವ ಕಿವುಡ ದಂಪತಿ ಇದ್ದಾರೆ. ಇವಳ ರವಿಕೆ ಹೊಲಿಯುವವರೇ. ಕಾಗದದಲ್ಲಿ ಬರೆದು ಕೇಳಿದಳು. ಭಾನುವಾರ ಮಧ್ಯಾಹ್ನ ಬರುತ್ತೇವೆ ಅಂದರು. ಫೀಸು ಬೇಡ ಅಂದದ್ದಕ್ಕೆ ಇವಳು ಒಪ್ಪಲಿಲ್ಲ, ಅದರ ಮೇಲೆ ಅರ್ಧ ಗಂಟೆ ಚೀಟಿಯಲ್ಲೇ ಚೌಕಾಸಿ ನಡೆದಿದೆ. ಮೊದಲ ಭಾನುವಾರ ಆ ದಂಪತಿಯಲ್ಲಿ ಹೆಂಡತಿ ಮಾಡಿದ್ದು ಹುಡುಗನನ್ನು ಬಿಟ್ಟು ಇವಳನ್ನು ತಿದ್ದುವುದು. ಇವಳು ಮಗ ಆಟದ ಬಸ್ಸಿನ ಕಡೆ ನೋಡುತ್ತಿರುವಾಗ ಪಕ್ಕದಲ್ಲಿ ಕೂತು ಸನ್ನೆ ಮಾಡುತ್ತಿದ್ದಳು. ಆಕೆ ಇವಳನ್ನು ಎಬ್ಬಿಸಿ ಅವನ ಎದುರಿಗೆ ನೆಲದ ಮೇಲೆ ಕೂರಿಸಿದರು. ಬಸ್ಸನ್ನು ಎತ್ತಿ ತನ್ನ ಮುಖದ ಹತ್ತಿರ ಹಿಡಿದರು. ಹುಡುಗನ ಕಣ್ಣು ಬಸ್ಸಿನ ಹಿಂದೆಯೇ ಮೇಲೆ ಬಂತು. ಕಣ್ಣು ಕೂಡಿದ ಮೇಲಷ್ಟೇ ಕೈ ಆಡಿಸಿದರು, ಆಡಿಸಿ ಕಾದರು.

ತಂಗಿ ಆ ವಿಡಿಯೊವನ್ನು ನೆಂಟರ ಗುಂಪಿಗೇ ಹಾಕಿದಳು. ಹೃದಯದ ಚಿತ್ರಗಳು ಕಮ್ಮಿಯೇ. ಸೋದರಮಾವ ಮಾತ್ರ ಬರೆದರು, "ಎಲ್ಲಾ ಸರಿ ಕಣಮ್ಮಾ, ಮಾತು ಯಾವಾಗ?" ಅವಳ ಉತ್ತರ: "ಮಂಗಳವಾರ, ಶುಕ್ರವಾರ ಥೆರಪಿಗೂ ಹೋಗ್ತಿದೀವಿ ಮಾವ. ಭಾನುವಾರ ಮಧ್ಯಾಹ್ನ ನೀವೂ ಬನ್ನಿ, ನಾಲ್ಕು ಸನ್ನೆ ಕಲೀರಿ. ಅವನಿಗೆ ಮಾತಾಡಿಸೋಕೆ ಜನ ಬೇಕು."